ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ

ಕರ್ನಾಟಕದಲ್ಲಿ ಇವತ್ತು ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಯಲ್ಲಿ ಆಗುತ್ತವೆ. 2005–06ರಲ್ಲಿ ನಡೆದ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಸಂಖ್ಯೆ 65ರ ಆಸುಪಾಸಿನಲ್ಲಿತ್ತು. ಹದಿನೈದು ವರ್ಷದೊಳಗೆ, 2019–20ರ ಐದನೇ ಸಮೀಕ್ಷೆಯ ಹೊತ್ತಿಗೆ, ಮನೆಯಲ್ಲಿ ಹೆರುವುದೇ ಅಪರೂಪವಾಯಿತು. ಅತ್ತೆ ಕತ್ತಲೆ ಕೋಣೆಯಲ್ಲಿ ಹೆತ್ತ ಮನೆಯಿಂದಲೇ ಸೊಸೆ 108 ವಾಹನ ಹತ್ತಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಹೆತ್ತು ಬಂದಳು. ನಮ್ಮ ಹಳ್ಳಿಗಳಲ್ಲಿ ಇಷ್ಟು ದೊಡ್ಡ ಬದಲಾವಣೆ ಇಷ್ಟು ಬೇಗ ಆದದ್ದು ಕಡಿಮೆ. ಸಾವೂ ಇಳಿಯಿತು. 2001–03ರಲ್ಲಿ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಮಾದರಿ ನೋಂದಣಿ ಲೆಕ್ಕದಲ್ಲಿ ಅದು 69.

ಈ ಗೆಲುವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಅದೇ ಲೆಕ್ಕದಲ್ಲಿ ಕೇರಳ 19ರಲ್ಲಿತ್ತು, ತೆಲಂಗಾಣ 43ರಲ್ಲಿ, ಆಂಧ್ರ 45ರಲ್ಲಿ, ತಮಿಳುನಾಡು 54ರಲ್ಲಿ. ದಕ್ಷಿಣದ ಐದು ರಾಜ್ಯಗಳಲ್ಲಿ ತಾಯಂದಿರು ಹೆಚ್ಚು ಸಾಯುವ ರಾಜ್ಯ ನಮ್ಮದು. ಹೆರಿಗೆಯೆಲ್ಲ ಆಸ್ಪತ್ರೆಗೇ ಬಂದ ಮೇಲೆ ಸಾವುಗಳೂ ಬಹುಪಾಲು ಆಸ್ಪತ್ರೆಯಲ್ಲೇ, ಇಲ್ಲವೇ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಆಗುತ್ತಿವೆ. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ರಾಜ್ಯ ಆರೋಗ್ಯ ಇಲಾಖೆ ಪರಿಶೀಲಿಸಿದಾಗ, ಅವುಗಳಲ್ಲಿ ಶೇ 70ಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದವು ಎಂಬ ತೀರ್ಮಾನ ಬಂತು. ಆ ಹೆಂಗಸರು ನಾವು ಹೇಳಿದಂತೆ ಆಸ್ಪತ್ರೆಗೆ ಬಂದವರೇ. ಹೆರಿಗೆಯನ್ನು ಆಸ್ಪತ್ರೆಗೆ ತರಲು ಎರಡು ದಶಕ ದುಡಿದ ವ್ಯವಸ್ಥೆ, ಬಂದವಳ ಮೈಯಲ್ಲಿ ರಕ್ತವಿದೆಯೇ, ಬಂದಲ್ಲಿ ಔಷಧವಿದೆಯೇ, ಮನೆಗೆ ಮರಳಿದ ಮೇಲೆ ನೋಡುವವರಿದ್ದಾರೆಯೇ ಎಂಬುದಕ್ಕೆ ಅಷ್ಟೇ ಹಟದಿಂದ ದುಡಿದಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಅದನ್ನೇ.

ರಾಜ್ಯದ ಸರಾಸರಿ ಸಂಖ್ಯೆ ಬಹಳಷ್ಟನ್ನು ಮುಚ್ಚಿಡುತ್ತದೆ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು. ಅದೇ ಸೀಮೆಗೆ ಮುಂದೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಸಿಕ್ಕಿತು, ಕಲ್ಯಾಣ ಕರ್ನಾಟಕ ಎಂಬ ಹೆಸರೂ ಬಂತು. ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ಅಲ್ಲಿಗೆ ಹೋಗಿ ಮಕ್ಕಳ ಎತ್ತರ ಅಳೆದಾಗ, ಯಾದಗಿರಿಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ರಾಜ್ಯದ ಸರಾಸರಿ ಶೇ 35.4. ಮಗುವಿನ ಮೊದಲ ಸಾವಿರ ದಿನಗಳಲ್ಲಿ, ಅದರಲ್ಲೂ ಹೊಟ್ಟೆಯಲ್ಲಿದ್ದಾಗ, ಕಳೆದುಕೊಂಡ ಬೆಳವಣಿಗೆ ಬಹುಮಟ್ಟಿಗೆ ಮರಳಿ ಬಾರದು. ದೇವದುರ್ಗದ, ಸುರಪುರದ ತಾಂಡಾಗಳಲ್ಲಿ ಹುಟ್ಟುವ ಮಗುವಿನ ಎತ್ತರ ನಿರ್ಧಾರವಾಗುವುದು ಅದರ ತಾಯಿಯ ತಟ್ಟೆಯಲ್ಲಿ.

ಇಲ್ಲಿಯವರೆಗೆ ಬಂದ ದಾರಿಯನ್ನು ಒಮ್ಮೆ ನೆನೆಯಬೇಕು. ಮೊದಲು ಇದ್ದವಳು ಸೂಲಗಿತ್ತಿ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಕೂಲಿ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಎಂದು 2018ರಲ್ಲಿ ಪದ್ಮಶ್ರೀ ಬಂತು. ಬಸುರಿಯ ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ಹೇಳಬಲ್ಲ ಕೈ, ನೋವು ತಿನ್ನುವವಳ ಬೆನ್ನು ಸವರುತ್ತ ಇರುಳಿಡೀ ಕೂರುವ ತಾಳ್ಮೆ, ಇವು ಆ ಹೆಂಗಸರ ವಿದ್ಯೆ. ಆದರೆ ರಕ್ತ ನಿಲ್ಲದೆ ಹರಿಯತೊಡಗಿದರೆ ಅವರ ಬಳಿ ಔಷಧವಿರಲಿಲ್ಲ. ಹಾಗಾಗಿ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಆಸ್ಪತ್ರೆ ಹೆರಿಗೆಯೇ ಗುರಿಯಾದದ್ದು ಸರಿಯಾದ ತೀರ್ಮಾನ. ಜನನಿ ಸುರಕ್ಷಾ ಯೋಜನೆಯ ಪ್ರೋತ್ಸಾಹಧನ ಬಂತು, ಊರಿಗೊಬ್ಬ ಆಶಾ ಕಾರ್ಯಕರ್ತೆ ಬಂದಳು, 2008ರ ನವೆಂಬರಿನಲ್ಲಿ ರಾಜ್ಯದಲ್ಲಿ 108 ಆರೋಗ್ಯ ಕವಚ ಓಡತೊಡಗಿತು, ಬಾಣಂತಿಯನ್ನು ಮನೆಗೆ ಬಿಟ್ಟು ಬರಲು ನಗು-ಮಗು ವಾಹನ ಬಂತು. ಸೂಲಗಿತ್ತಿ ಹಿಂದೆ ಸರಿದಳು. ಅವಳ ಜೊತೆಗೆ, ಹೆರುವವಳ ಪಕ್ಕದಲ್ಲಿ ಕೂರುವ ಆ ತಾಳ್ಮೆಯೂ ಹೋಯಿತು. ಅದರ ಜಾಗಕ್ಕೆ ಆಸ್ಪತ್ರೆ ಏನನ್ನೂ ತರಲಿಲ್ಲ. ಹೆರಿಗೆ ಕೋಣೆಯಲ್ಲಿ ಬೈಗುಳ ತಿಂದು, ಕೆಲವೆಡೆ ಏಟೂ ತಿಂದು ಬಂದ ಹೆಂಗಸು ಮುಂದಿನ ಬಸಿರಿನಲ್ಲಿ ತಪಾಸಣೆಗೆ ಬರಲು ಹಿಂಜರಿದರೆ ಅದಕ್ಕೆ ಅವಳ ಅಜ್ಞಾನವನ್ನು ದೂರುವಂತಿಲ್ಲ.

ತಾಯಂದಿರು ಯಾತರಿಂದ ಸಾಯುತ್ತಾರೆ ಎಂಬುದು ಗುಟ್ಟಿನ ವಿಷಯವಲ್ಲ. ಹೆರಿಗೆಯ ನಂತರದ ರಕ್ತಸ್ರಾವ, ರಕ್ತದೊತ್ತಡ ಏರಿ ಬರುವ ಪಿಟ್ಸ್, ನಂಜು. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಗು ಹೊರಬಂದು ಕಸ ಬಿದ್ದ ಕೂಡಲೇ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡರೆ ತೆರೆದ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಮುದುಡದೆ ಮೆತ್ತಗೇ ಉಳಿದರೆ ಗಟ್ಟಿಮುಟ್ಟಾದ ಹೆಂಗಸೂ ಎರಡು ಗಂಟೆಯೊಳಗೆ ಸಾಯಬಹುದು. ಅದನ್ನು ಮುದುಡಿಸುವ ಔಷಧ ಆಕ್ಸಿಟೋಸಿನ್. ಬೆಲೆ ಅಗ್ಗ, ಆದರೆ ತಂಪಿನಲ್ಲಿಡದಿದ್ದರೆ ಶಕ್ತಿ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ರಾಯಚೂರಿನಲ್ಲಿ, ಕರೆಂಟು ಹೋಗಿ ಬರುವ ಪ್ರಾಥಮಿಕ ಆರೋಗ್ಯ ಕೇಂದ್ರದ ಕಿಟಕಿ ಪಕ್ಕದ ಟ್ರೇಯಲ್ಲಿ ಬಿದ್ದಿರುವ ಆಕ್ಸಿಟೋಸಿನ್ ಚುಚ್ಚುಮದ್ದು ಎಷ್ಟು ಕೆಲಸ ಮಾಡೀತು ಎಂದು ಯಾರೂ ಖಾತರಿ ಕೊಡಲಾರರು.

ಈ ತೊಡಕಿಗೆ ಒಂದು ಉತ್ತರ ಕರ್ನಾಟಕದ ಹಳ್ಳಿಗಳಿಂದಲೇ ಜಗತ್ತಿಗೆ ಹೋಯಿತು. ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದೇ ಇಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಹೆಂಗಸರನ್ನು ಒಳಗೊಂಡು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿತು. ಮಾತ್ರೆ ಕೊಟ್ಟವರು ತಜ್ಞ ವೈದ್ಯರಲ್ಲ, ಹಳ್ಳಿಯ ಸಹಾಯಕ ದಾದಿಯರು. ರಕ್ತಸ್ರಾವಕ್ಕೆ ಒಳಗಾದವರ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಈ ಮಾತ್ರೆಯನ್ನು ಬಾಣಂತಿ ರಕ್ತಸ್ರಾವ ತಡೆಗೆ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಫ್ರಿಜ್ ಬೇಡ, ಸೂಜಿ ಬೇಡ. 2023ರಲ್ಲಿ ಆಫ್ರಿಕಾದ ಕೆನ್ಯಾ, ನೈಜೀರಿಯ, ಟಾಂಜಾನಿಯ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ ಇನ್ನೂ ಮುಂದಕ್ಕೆ ಹೋಯಿತು. ಹೆರಿಗೆಯಾದ ಕೂಡಲೇ ಬಾಣಂತಿಯ ಕೆಳಗೆ ಅಳತೆ ಗುರುತಿರುವ ಪ್ಲಾಸ್ಟಿಕ್ ಹಾಳೆ ಹಾಸಿ, ಹೋದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ ಅಳೆದು, ಮಿತಿ ದಾಟಿದ ತಕ್ಷಣ ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ಟ್ರಾನೆಕ್ಸಮಿಕ್ ಆಮ್ಲ, ಡ್ರಿಪ್, ಪರೀಕ್ಷೆ ಇವೆಲ್ಲವನ್ನೂ ಒಂದರ ನಂತರ ಒಂದೆಂದು ಕಾಯದೆ ಒಟ್ಟಿಗೇ ಶುರು ಮಾಡಿದರು. ತೀವ್ರ ರಕ್ತಸ್ರಾವ ಮತ್ತು ಅದರ ಗಂಡಾಂತರಗಳು ಶೇ 60ರಷ್ಟು ಕಡಿಮೆಯಾದವು. ಹೊಸ ಔಷಧ ಒಂದೂ ಇರಲಿಲ್ಲ. ಅಳೆಯುವ ಹಾಳೆ ಮತ್ತು ತಡಮಾಡದ ಕೈಗಳು, ಅಷ್ಟೇ.

ರಕ್ತದೊತ್ತಡದ ಕತೆಯೂ ಹೀಗೆಯೇ. ಕಾಲು, ಮುಖ ಊದಿಕೊಂಡು, ತಲೆನೋವು ಬಂದು, ಕಣ್ಣು ಮಂಜಾಗಿ ಪಿಟ್ಸ್ ಬಂದರೆ ಹಳ್ಳಿಯಲ್ಲಿ ಅದನ್ನು ಸನ್ನಿ ಎನ್ನುತ್ತಿದ್ದರು, ಗಾಳಿ ಸೋಕಿದೆ ಎನ್ನುತ್ತಿದ್ದರು. ಮೆಗ್ನೀಸಿಯಂ ಸಲ್ಫೇಟ್ ಎಂಬ ಹಳೆಯ, ಅಗ್ಗದ ಔಷಧ ಆ ಪಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂದು 2002ರಲ್ಲೇ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗ ತೋರಿಸಿತ್ತು. ಅದಕ್ಕೂ ಮೊದಲು ಬೇಕಾದದ್ದು ಪ್ರತಿ ತಪಾಸಣೆಯಲ್ಲೂ ಕೆಟ್ಟುಹೋಗದ ಬಿಪಿ ಯಂತ್ರದಲ್ಲಿ ಒತ್ತಡ ನೋಡುವುದು, ಮೂತ್ರ ಪರೀಕ್ಷಿಸುವುದು. ಬಸುರಿಯ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡ್‌ನಲ್ಲಿ ನಾಲ್ಕು ಭೇಟಿಗೂ 120/80 ಎಂದೇ ಬರೆದಿದ್ದರೆ ಆ ಕಾರ್ಡನ್ನು ಅನುಮಾನದಿಂದ ನೋಡಬೇಕು.

ಈ ಎಲ್ಲದರ ಅಡಿಯಲ್ಲಿ ಇರುವುದು ರಕ್ತಹೀನತೆ. ಐದನೇ ಸಮೀಕ್ಷೆಯಲ್ಲಿ ಕರ್ನಾಟಕದ ಬಸುರಿಯರಲ್ಲಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 45.4. ಆಸ್ಪತ್ರೆ ಹೆರಿಗೆ ಏರುತ್ತ ಹೋದ ಅದೇ ಅವಧಿಯಲ್ಲಿ ಈ ಸಂಖ್ಯೆ ಇದ್ದಲ್ಲೇ ಇತ್ತು. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಂತೂ ಶೇ 60.9ರಿಂದ ಶೇ 65.5ಕ್ಕೆ ಏರಿತು. ಹನ್ನೊಂದು ಗ್ರಾಂ ಹಿಮೋಗ್ಲೋಬಿನ್ ಇರುವ ಹೆಂಗಸು ಒಂದು ಲೀಟರ್ ರಕ್ತ ಕಳೆದುಕೊಂಡರೂ ಚೇತರಿಸಿಕೊಳ್ಳುತ್ತಾಳೆ. ಆರು ಗ್ರಾಂ ಇರುವವಳಿಗೆ ಅದರ ಅರ್ಧವೇ ಸಾವು ತರಬಹುದು. "ರಕ್ತ ಕಡಿಮೆ ಐತಿ" ಎಂಬ ಮಾತನ್ನು ಉತ್ತರ ಕರ್ನಾಟಕದ ಹೆಂಗಸರು ತಮ್ಮ ಹಣೆಬರಹ ಹೇಳಿಕೊಂಡಷ್ಟು ಸಹಜವಾಗಿ ಹೇಳುತ್ತಾರೆ. ತಲೆ ತಿರುಗುವುದು, ಏದುಸಿರು, ಸುಸ್ತು ಇವೆಲ್ಲ ಹೆಣ್ಣುಬಾಳಿನ ಭಾಗ ಎಂದೇ ಅವರಿಗೆ ಕಲಿಸಲಾಗಿದೆ.

ಕಬ್ಬಿಣಾಂಶದ ಮಾತ್ರೆ ಊರೂರಿಗೆ ಹೋಗುತ್ತದೆ. ಕೊಟ್ಟದ್ದು ಲೆಕ್ಕಕ್ಕೆ ಸಿಗುತ್ತದೆ, ನುಂಗಿದ್ದು ಸಿಗುವುದಿಲ್ಲ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಕಟ್ಟಿಕೊಳ್ಳುತ್ತದೆ. ಮಗು ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಹೆದರಿಕೆ ಬೇರೆ. ಚಹಾದ ಜೊತೆ ನುಂಗಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಿಂಬೆರಸದ ಜೊತೆ ನುಂಗಿದರೆ ಹತ್ತುತ್ತದೆ ಎಂದು ಪಕ್ಕದಲ್ಲಿ ಕೂತು ಹೇಳುವವರು ಬೇಕು. ಮಾತ್ರೆ ಒಗ್ಗದವರಿಗೆ, ದಿನ ಹತ್ತಿರ ಬಂದವರಿಗೆ ಕಬ್ಬಿಣಾಂಶವನ್ನು ನೇರ ರಕ್ತನಾಳಕ್ಕೆ ಕೊಡುವ ಡ್ರಿಪ್ ಇದೆ; ಇದು ತಾಲ್ಲೂಕು ಆಸ್ಪತ್ರೆಯಲ್ಲಿ ದಿನನಿತ್ಯದ ಕೆಲಸವಾಗಬೇಕು. ಆದರೆ ಏಳನೇ ತಿಂಗಳಿನಲ್ಲಿ ರಕ್ತ ತುಂಬಿಸಲು ಓಡಾಡುವುದೇ ತಡವಾದ ಕೆಲಸ. ಇಂಥ ಹೆಂಗಸು ಬಸುರಿಯಾಗುವ ಮೊದಲೇ ರಕ್ತಹೀನಳಾಗಿರುತ್ತಾಳೆ. ಹದಿನಾರಕ್ಕೆ ಮದುವೆ, ಹದಿನೇಳಕ್ಕೆ ಚೊಚ್ಚಲು, ಹತ್ತೊಂಬತ್ತಕ್ಕೆ ಎರಡನೆಯದು. ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಈ ಸಂಖ್ಯೆಯೂ ಎರಡು ಸಮೀಕ್ಷೆಗಳ ನಡುವೆ ಅಲುಗಿಲ್ಲ. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಹೇಳುವ ಕಾನೂನು ತಿದ್ದುಪಡಿಯನ್ನು ಕರ್ನಾಟಕ 2016ರಲ್ಲೇ ತಂದಿದೆ. ಕಾನೂನಿಗಿಂತ ಹೆಚ್ಚಾಗಿ ಹುಡುಗಿಯನ್ನು ಕಾಯುವುದು ಪ್ರೌಢಶಾಲೆಯ ಮುಂದಿನ ತರಗತಿ ಊರಿಗೆ ಹತ್ತಿರದಲ್ಲಿದೆಯೇ, ಅಲ್ಲಿಗೆ ಬಸ್ಸಿದೆಯೇ ಎಂಬುದು.

ಊಟದ ವಿಷಯದಲ್ಲಿ ಕರ್ನಾಟಕ ಒಂದು ದಿಟ್ಟ ಹೆಜ್ಜೆ ಇಟ್ಟಿತ್ತು. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮನೆಗೆ ಪೊಟ್ಟಣ ಕೊಟ್ಟರೆ ಅದು ಗಂಡ, ಮಾವ, ಮಕ್ಕಳ ತಟ್ಟೆಗೆ ಹಂಚಿಹೋಗುತ್ತದೆ. ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆಗೆ ಉಳಿಯುವುದು ತಳ. ಅಂಗನವಾಡಿಯಲ್ಲೇ ಕೂರಿಸಿ ಉಣ್ಣಿಸಿದರೆ ಅನ್ನ ಅವಳಿಗೇ ಸೇರುತ್ತದೆ ಎಂಬ ಆಲೋಚನೆ ಹೆಣ್ಣುಮಕ್ಕಳ ಬದುಕನ್ನು ಬಲ್ಲವರದು. ಆದರೆ ತುಂಬು ಬಸುರಿ ಬಿಸಿಲಿನಲ್ಲಿ ನಡೆದು ಬರಬೇಕು. ಮಲೆನಾಡಿನ ಒಂಟಿ ಮನೆಗಳಿಗೂ ತಾಂಡಾಗಳಿಗೂ ಅಂಗನವಾಡಿ ದೂರ. ಹಸಿಬಾಣಂತಿ ಹೊಸ್ತಿಲು ದಾಟಬಾರದು ಎಂಬ ಕಟ್ಟಳೆ. ಕೂಲಿಗೆ ಹೋದವಳು ಮಧ್ಯಾಹ್ನ ಊಟಕ್ಕೆ ಬಂದರೆ ಅರ್ಧ ದಿನದ ಕೂಲಿ ಖೋತಾ. ಜೊತೆಗೆ ಕೂತು ಉಣ್ಣಲು ಜಾತಿಯ ಅಡ್ಡಿ. ಯೋಜನೆ ಕೈಬಿಡಬೇಕೆಂದು ನಾನು ಹೇಳಲಾರೆ. ದೂರದವಳಿಗೆ, ಬಾಣಂತಿಗೆ ಬುತ್ತಿ ಮನೆಗೆ ಹೋಗಲಿ. ಉಳಿದವರು ಅಂಗನವಾಡಿಯಲ್ಲೇ ಉಣ್ಣಲಿ. ಎಲ್ಲ ಊರಿಗೂ ಒಂದೇ ಆದೇಶ ಎಂಬ ಹಟ ಬಿಟ್ಟರೆ ಸಾಕು. ಮೊಟ್ಟೆಯ ಬಗ್ಗೆ ನಮ್ಮಲ್ಲಿ ಆಗಾಗ ಏಳುವ ಗದ್ದಲದಲ್ಲಿ ಬೇಡ ಎನ್ನುವವರು ಯಾವತ್ತೂ ಮನೆಯಲ್ಲಿ ಬೇಳೆ, ಹಾಲು, ತುಪ್ಪ ಇರುವವರು. ರಕ್ತವಿಲ್ಲದ ಬಸುರಿಯ ತಟ್ಟೆಯಿಂದ ಮೊಟ್ಟೆ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಹಣದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. 2013ರ ಆಹಾರ ಭದ್ರತಾ ಕಾಯ್ದೆ ಸರ್ಕಾರಿ ನೌಕರಿಯಲ್ಲಿಲ್ಲದ ಬಸುರಿಯರೆಲ್ಲರಿಗೂ ಕನಿಷ್ಠ 6,000 ರೂಪಾಯಿ ಸಿಗಬೇಕೆಂದು ಹೇಳಿತು. ಅದರ ನಂತರ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000 ಎಂದು ಅದನ್ನು ಕಿರಿದು ಮಾಡಿತು. ತಮಿಳುನಾಡಿನ ಮುತ್ತುಲಕ್ಷ್ಮಿ ರೆಡ್ಡಿ ಯೋಜನೆಯಲ್ಲಿ ತಾಯಿಗೆ ಸಿಗುವ ನೆರವಿನ ಮೌಲ್ಯ 18,000 ರೂಪಾಯಿ. ಕೂಲಿ ಬಿಟ್ಟು ಮೂರು ತಿಂಗಳು ಮನೆಯಲ್ಲಿರಲು ಹೆಂಗಸಿಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿದವರು ಯಾರೆಂಬುದು ಇದರಲ್ಲೇ ಗೊತ್ತಾಗುತ್ತದೆ.

ಇನ್ನು ಮಗು. ಐದು ವರ್ಷದೊಳಗೆ ಸಾಯುವ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟಿದ ಮೊದಲ ತಿಂಗಳಲ್ಲೇ ಸಾಯುತ್ತಾರೆ. ದಿನ ತುಂಬದೆ ಹುಟ್ಟಿ, ಉಸಿರು ಕಟ್ಟಿ, ನಂಜು ತಗುಲಿ. ನಮ್ಮ ಪಕ್ಕದ ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಓದು ಬಲ್ಲ ಸ್ಥಳೀಯ ಹೆಂಗಸರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಹುಟ್ಟಿದ ಮಗುವನ್ನು ತೂಗುವುದು, ಬೆಚ್ಚಗಿಡುವುದು, ಉಸಿರಾಡದಿದ್ದರೆ ಚೀಲ-ಮುಖವಾಡದಿಂದ ಗಾಳಿ ಕೊಡುವುದು, ನಂಜಿನ ಲಕ್ಷಣ ಕಂಡರೆ ಪ್ರತಿಜೀವಕದ ಚುಚ್ಚುಮದ್ದು ಕೊಡುವುದು, ಇದೆಲ್ಲ ಆ ಹೆಂಗಸರು ಮಾಡಿದರು. ನವಜಾತ ಶಿಶುಗಳ ಸಾವು ಶೇ 62ರಷ್ಟು ಕಡಿಮೆಯಾಯಿತು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. 2011ರಲ್ಲಿ ಅದರ ಒಂದು ರೂಪ ದೇಶದ ಕಾರ್ಯಕ್ರಮವಾಗಿ, ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ಹೋಗಬೇಕೆಂದಾಯಿತು. ಕಾಗದದ ಮೇಲೆ ಬಹಳ ಚೆಂದ. ಆದರೆ ನಮ್ಮಲ್ಲಿ ಚೊಚ್ಚಲು ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ. ತಪಾಸಣೆ ಮಾಡಿದ ಆಶಾ ಗಂಡನ ಊರಿನವಳು, ಬಾಣಂತಿಯನ್ನು ನೋಡಬೇಕಾದವಳು ತವರೂರಿನವಳು. ಇಬ್ಬರ ನಡುವೆ ಫೋನೂ ಇರುವುದಿಲ್ಲ, ಕಾಗದವೂ ಇರುವುದಿಲ್ಲ. ಅತಿ ಹೆಚ್ಚು ಅಪಾಯವಿರುವ ಆ ಆರು ವಾರದಲ್ಲಿ ತಾಯಿ-ಮಗು ಎರಡೂ ಪಟ್ಟಿಗಳಿಂದ ಜಾರಿಬೀಳುತ್ತಾರೆ.

ಬಾಣಂತನದ ಪದ್ಧತಿಗಳನ್ನೆಲ್ಲ ಮೂಢನಂಬಿಕೆ ಎಂದು ತಳ್ಳುವ ಆರೋಗ್ಯ ಶಿಕ್ಷಣ ಸೋಲುತ್ತದೆ. ತಾಯಿ-ಮಗುವನ್ನು ಬೆಚ್ಚಗೆ ಒಂದೆಡೆ ಇಡುವುದು, ಹೊರಗಿನವರನ್ನು ಹತ್ತಿರ ಬಿಡದಿರುವುದು, ಕೆಲಸ ಹಚ್ಚದಿರುವುದು, ಎಣ್ಣೆ ಹಚ್ಚಿ ಎರೆಯುವುದು, ಇವೆಲ್ಲ ಒಳ್ಳೆಯವು. ಕೆಂಡದ ಹೊಗೆ ತುಂಬಿದ ಕೋಣೆ, ಮೊದಲ ಹಾಲು ಹಿಂಡಿ ಚೆಲ್ಲುವುದು, ಮಗುವಿಗೆ ಜೇನು-ಸಕ್ಕರೆ ನೀರು ನೆಕ್ಕಿಸುವುದು, ಬಾಣಂತಿಗೆ ನೀರು, ಸೊಪ್ಪು, ಹಣ್ಣು ಕೊಡದಿರುವುದು, ಇವು ಹೋಗಬೇಕು. ಅಜ್ಜಿಯ ಜೊತೆ ಕೂತು ಒಂದನ್ನು ಮೆಚ್ಚಿ ಇನ್ನೊಂದನ್ನು ಬಿಡಿಸಬೇಕು. ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಅವುಚಿ ಕಟ್ಟುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟದಲ್ಲಿ ಶುರುವಾದದ್ದು. ಯಂತ್ರಗಳ ಕೊರತೆಯೇ ಅದಕ್ಕೆ ಕಾರಣ. ಅದನ್ನು ಹುಟ್ಟಿದ ಕೂಡಲೇ ಶುರು ಮಾಡಿದರೆ ಸಾವು ಶೇ 25ರಷ್ಟು ತಗ್ಗುತ್ತದೆಂದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದ್ದ ಅಧ್ಯಯನ 2021ರಲ್ಲಿ ತೋರಿಸಿತು. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದ ಜೊತೆ ಸೇರಿ ಇದನ್ನು ಇಡೀ ಜಿಲ್ಲೆಗೆ ಹಬ್ಬಿಸಲು ಹೊರಟಾಗ, ಬರಿಯ ಹೇಳಿಕೆ ಸಾಲಲಿಲ್ಲ. ತಾಯಿ ಆಸ್ಪತ್ರೆಯಲ್ಲಿ ದಿನಗಟ್ಟಲೆ ಕೂರಲು ಕುರ್ಚಿ, ಮರೆ, ಊಟ, ಮನೆಯವರ ಒಪ್ಪಿಗೆ ಎಲ್ಲವೂ ಬೇಕಾದವು. ಹಿಂದುಳಿದ ಜಿಲ್ಲೆಯೊಂದರಲ್ಲಿ ಇದು ಸಾಧ್ಯವಾಯಿತು ಎಂಬುದೇ ಉಳಿದ ಜಿಲ್ಲೆಗಳ ನೆಪಗಳಿಗೆ ಉತ್ತರ.

ಬಡವರ ಬಗ್ಗೆ ಬರೆಯುವಾಗ ಗುಳೆಯನ್ನು ಬಿಟ್ಟು ಬರೆಯಲಾಗದು. ಸುಗ್ಗಿ ಮುಗಿದ ಮೇಲೆ ರಾಯಚೂರು, ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆ-ಮುಂಬೈಗೆ, ಕಬ್ಬು ಕಡಿಯಲು ಹೊರಡುತ್ತವೆ. ಬಸುರಿಯೂ ಹೋಗುತ್ತಾಳೆ, ಹಸುಗೂಸೂ ಹೋಗುತ್ತದೆ. ತಗಡಿನ ಶೆಡ್ಡಿನಲ್ಲಿ ಅವಳ ಹೆಸರು ಯಾವ ಆಶಾಳ ಪಟ್ಟಿಯಲ್ಲೂ ಇಲ್ಲ, ಅಂಗನವಾಡಿಯ ಊಟವಿಲ್ಲ, ಮಗುವಿನ ಲಸಿಕೆ ತಪ್ಪುತ್ತದೆ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ನಡೆದದ್ದನ್ನು ಈ ರಾಜ್ಯ ಮರೆಯಬಾರದು. ತಮಿಳುನಾಡಿನಿಂದ ಬಂದಿದ್ದ ಬಡ ಹೆಂಗಸು ಹೆರಿಗೆ ನೋವಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದಾಗ ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ವಾಪಸು ಕಳಿಸಿದರು. ಮನೆಯಲ್ಲಿ ಅವಳೂ ಅವಳ ಅವಳಿ ಕೂಸುಗಳೂ ಸತ್ತರು. ಸಿಬ್ಬಂದಿ ಅಮಾನತಾದರು. ತಾಯಿಯನ್ನು ಗುರುತಿಸಿ ಕಾಪಾಡಲೆಂದು ಮಾಡಿದ ಕಾರ್ಡು ಅವಳನ್ನು ಹೊರಗಿಡುವ ಸಾಧನವಾದದ್ದು ಆ ದಿನದ ಕರ್ತವ್ಯದಲ್ಲಿದ್ದವರ ತಪ್ಪು ಮಾತ್ರವಲ್ಲ. ಕಾಗದವನ್ನು ಮನುಷ್ಯರಿಗಿಂತ ಮೊದಲು ನೋಡಲು ಕಲಿಸಿದ ಇಡೀ ವ್ಯವಸ್ಥೆಯದು.

ಈಗ ಆಸ್ಪತ್ರೆಯ ಒಳಗೆ ಬರೋಣ. "ಮೇಲಕ್ಕೆ ಬರೆದುಕೊಟ್ಟರು" ಎಂಬ ಮಾತು ಹಳ್ಳಿಯವರಿಗೆಲ್ಲ ಗೊತ್ತು. ಪ್ರಾಥಮಿಕ ಕೇಂದ್ರದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ. ಪ್ರತಿ ಕಡೆಯೂ ಚೀಟಿ ಬರೆದವರ ಜವಾಬ್ದಾರಿ ಅಲ್ಲಿಗೆ ಮುಗಿಯುತ್ತದೆ. ಹೆಂಗಸಿನ ರಕ್ತ ಹರಿಯುತ್ತಲೇ ಇರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಬೇಕಾದರೆ ಹೆರಿಗೆ ತಜ್ಞೆ, ಅರಿವಳಿಕೆ ವೈದ್ಯ, ಮಕ್ಕಳ ವೈದ್ಯ, ರಕ್ತ, ಇವು ನಾಲ್ಕೂ ಒಂದೇ ಹೊತ್ತಿನಲ್ಲಿ ಇರಬೇಕು. ಮೂರಿದ್ದು ಒಂದಿಲ್ಲದಿದ್ದರೆ ನಾಲ್ಕೂ ಇಲ್ಲದಂತೆಯೇ. ರಾತ್ರಿ ಮತ್ತು ಭಾನುವಾರ ಹೀಗಾಗುವುದೇ ಹೆಚ್ಚು. ಇನ್ನೊಂದು ತುದಿಯಲ್ಲಿ ಬೇಡದ ಸಿಸೇರಿಯನ್‌ಗಳು: ರಾಜ್ಯದಲ್ಲಿ ಸಿಸೇರಿಯನ್ ಪ್ರಮಾಣ ನಾಲ್ಕನೇ ಮತ್ತು ಐದನೇ ಸಮೀಕ್ಷೆಗಳ ನಡುವೆ ಶೇ 23.6ರಿಂದ 31.5ಕ್ಕೆ ಏರಿತು, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧ ದಾಟಿತು. ರಕ್ತಹೀನ ಹೆಂಗಸಿನ ಹೊಟ್ಟೆ ಕೊಯ್ದು, ನಂತರದ ಗಂಟೆಗಳಲ್ಲಿ ನಾಡಿ, ಒತ್ತಡ ನೋಡಲು ಸಾಕಷ್ಟು ದಾದಿಯರಿಲ್ಲದ ವಾರ್ಡಿಗೆ ಸಾಗಿಸಿದರೆ ಆಗುವುದೇನು ಎಂದು 464 ಸಾವುಗಳ ಪರಿಶೀಲನೆ ಹೇಳುತ್ತದೆ. ಸತ್ತವರಲ್ಲಿ ಹೆಚ್ಚಿನವರಿಗೆ ಸಿಸೇರಿಯನ್ ಆಗಿತ್ತು.

ಆ ಪರಿಶೀಲನೆ ನಡೆದದ್ದೇ ಬಳ್ಳಾರಿಯ ಕಾರಣಕ್ಕೆ. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತು, ಸತ್ತವರ ಸಂಖ್ಯೆ ಐದಕ್ಕೆ ಮುಟ್ಟಿತು. ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಿತ್ತು. ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಉಪ್ಪುನೀರಿನಷ್ಟು ಸಾಮಾನ್ಯವಾದ ಡ್ರಿಪ್ ಬಾಟಲಿಯನ್ನು ಪರೀಕ್ಷಿಸಿ ಕೊಳ್ಳುವುದು ಆರೋಗ್ಯ ವ್ಯವಸ್ಥೆಯ ಅಕ್ಷರಾಭ್ಯಾಸ. ತಮಿಳುನಾಡು 1990ರ ದಶಕದಲ್ಲೇ ಔಷಧ ಖರೀದಿಗೆ ಪ್ರತ್ಯೇಕ ನಿಗಮ ಮಾಡಿ, ಕೊಂಡ ಪ್ರತಿ ಕಂತನ್ನೂ ಪರೀಕ್ಷಿಸಿದ ಮೇಲೆಯೇ ಆಸ್ಪತ್ರೆಗೆ ಕಳಿಸುವ ಪದ್ಧತಿ ತಂದಿತು. ಅದರ ಜೊತೆಗೆ ಪ್ರಾಥಮಿಕ ಕೇಂದ್ರಗಳಿಗೆ ಮೂವರು ದಾದಿಯರನ್ನು ಪಾಳಿಯಲ್ಲಿ ನೇಮಿಸಿ ಹಗಲಿರುಳು ತೆರೆದಿಟ್ಟಿತು. ಕೇರಳದಲ್ಲಿ ಹೆರಿಗೆ ತಜ್ಞರ ಸಂಘವೇ 2004ರಿಂದ ಪ್ರತಿ ತಾಯಿಯ ಸಾವನ್ನೂ ಗುಟ್ಟಾಗಿ, ಯಾರ ಹೆಸರನ್ನೂ ಹಿಡಿಯದೆ, ಯಾರನ್ನೂ ದಂಡಿಸದೆ ಪರಿಶೀಲಿಸುತ್ತ ಬಂದಿದೆ. ಶಿಕ್ಷೆಯ ಭಯವಿಲ್ಲದ್ದರಿಂದ ವೈದ್ಯರು ನಡೆದದ್ದನ್ನು ನಡೆದಂತೆ ಬರೆಯುತ್ತಾರೆ. ಅದರಿಂದ ಪಾಠ ಹುಟ್ಟುತ್ತದೆ. ನಮ್ಮಲ್ಲಿ ಸಾವಾದ ಮರುದಿನ ಅಮಾನತು, ಅದರ ಮರುದಿನ ಮುಷ್ಕರ, ಮೂರನೇ ದಿನ ಮರೆವು. ಶ್ರೀಲಂಕಾದಂಥ ಬಡದೇಶ 1930ರ ದಶಕದಿಂದಲೇ ಹೆರಿಗೆ ಮಾಡಿಸುವ ತರಬೇತಿ ಪಡೆದ ದಾದಿಯರನ್ನು ಹಳ್ಳಿಗೆ ಕಳಿಸಿ, ಪ್ರತಿ ಸಾವನ್ನೂ ವಿಚಾರಿಸಿ ಈ ಹಾದಿಯನ್ನು ನಮಗಿಂತ ಎಷ್ಟೋ ಮೊದಲು ಕ್ರಮಿಸಿತು.

ಕರ್ನಾಟಕದಲ್ಲಿ ಏನೂ ಆಗಿಲ್ಲವೆಂದಲ್ಲ. ಯಳಂದೂರಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ವಹಿಸಿಕೊಂಡು, ಸರ್ಕಾರಿ ಹಣದಲ್ಲೇ ಹಗಲಿರುಳೂ ನಡೆಯುವ ಆಸ್ಪತ್ರೆಯಾಗಿಸಿ ತೋರಿಸಿತು. ಉತ್ತರದ ಎಂಟು ಜಿಲ್ಲೆಗಳಲ್ಲಿ 2010ರ ನಂತರ ನಡೆದ ಸುಕ್ಷೇಮ ಯೋಜನೆಯಲ್ಲಿ ಅನುಭವಿ ದಾದಿಯರು ಪ್ರಾಥಮಿಕ ಕೇಂದ್ರಗಳಿಗೆ ಹೋಗಿ, ಅಲ್ಲಿನ ಸಿಸ್ಟರುಗಳ ಪಕ್ಕದಲ್ಲೇ ನಿಂತು, ಹೆರಿಗೆ ಹಾಳೆ ತುಂಬುವುದರಿಂದ ಉಸಿರು ಕಟ್ಟಿದ ಮಗುವನ್ನು ಎಬ್ಬಿಸುವವರೆಗೆ ಕಲಿಸಿದರು. ನಗರಕ್ಕೆ ಕರೆದು ಮೂರು ದಿನ ಭಾಷಣ ಕೇಳಿಸಿ ಪ್ರಮಾಣಪತ್ರ ಕೊಡುವ ತರಬೇತಿಗಿಂತ ಇದು ನೂರು ಪಾಲು ಮೇಲು. ಇಂಥವೆಲ್ಲ ಯೋಜನೆಯ ಹಣ ಇರುವವರೆಗೆ ನಡೆದು, ಹಣ ನಿಂತಾಗ ನಿಲ್ಲುತ್ತವೆ. ದಾದಿಯರಿಗೆ ಗುರುವಾಗಿ ಹೋಗುವ ಹುದ್ದೆಯನ್ನು ಇಲಾಖೆಯ ಖಾಯಂ ಹುದ್ದೆಯಾಗಿಸಲು ತಡೆಯುವುದೇನು ಎಂಬುದಕ್ಕೆ ನನಗೆ ಇದುವರೆಗೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಕೊನೆಗೆ ಆಶಾ. ರಾಜ್ಯದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರಿದ್ದಾರೆ. ಬಸುರಿಯ ಹೆಸರು ಬರೆಯುವವಳು, ನಡುರಾತ್ರಿ ಅವಳ ಜೊತೆ ವಾಹನ ಹತ್ತುವವಳು, ಮಗುವನ್ನು ತೂಗುವವಳು, ಲಸಿಕೆಗೆ ಕರೆಯುವವಳು, ಕೋವಿಡ್ ಕಾಲದಲ್ಲಿ ಬೈಗುಳ ತಿಂದು ಮನೆಮನೆ ತಿರುಗಿದವಳು ಅವಳೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಜಾಗತಿಕ ಆರೋಗ್ಯ ನಾಯಕರೆಂದು ಗೌರವಿಸಿತು. ಸರ್ಕಾರದ ದೃಷ್ಟಿಯಲ್ಲಿ ಅವಳು ಇವತ್ತಿಗೂ ಸ್ವಯಂಸೇವಕಿ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಊರಿಗೆ ಮರಳಿದರು. ಅವರು ಕೇಳಿದ್ದು 15,000. ಮೇಲಿನ ಯಾವ ಸುಧಾರಣೆಯನ್ನು ಹೇಳಿದರೂ ಅದನ್ನು ಮನೆಯ ಹೊಸ್ತಿಲಿಗೆ ಒಯ್ಯುವವಳು ಅವಳೊಬ್ಬಳೇ. ಅವಳಿಗೆ ಸಂಬಳ, ರಜೆ, ಪಿಂಚಣಿ ಕೊಡದೆ ತಾಯಿ-ಮಗುವಿನ ಆರೋಗ್ಯದ ಬಗ್ಗೆ ಮಾತಾಡುವುದು ಪ್ರಾಮಾಣಿಕವಲ್ಲ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಮ್ಮೆ ಹೋಗಿ ಕೇಳಿ: ರಾತ್ರಿ ಎರಡು ಗಂಟೆಗೆ ಇಲ್ಲಿ ರಕ್ತ ಸಿಗುತ್ತದೆಯೇ, ಅರಿವಳಿಕೆ ಕೊಡುವವರು ಯಾರು, ಆಕ್ಸಿಟೋಸಿನ್ ಫ್ರಿಜ್ಜಿನಲ್ಲಿದೆಯೇ, ಹೆರಿಗೆ ವಾರ್ಡಿನ ರಾತ್ರಿ ಪಾಳಿಯಲ್ಲಿ ಎಷ್ಟು ಸಿಸ್ಟರುಗಳಿದ್ದಾರೆ, ಕಳೆದ ವರ್ಷ ಈ ತಾಲ್ಲೂಕಿನಲ್ಲಿ ಸತ್ತ ತಾಯಂದಿರೆಷ್ಟು, ಏಕೆ ಸತ್ತರು. ಉತ್ತರ ಸಿಗದಿದ್ದರೆ ಅದೇ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ, ಆರೋಗ್ಯ ರಕ್ಷಾ ಸಮಿತಿಯಲ್ಲಿ, ನಿಮ್ಮ ಶಾಸಕರ ಎದುರಿನಲ್ಲಿ ಕೇಳಿ. ಆಸ್ಪತ್ರೆಯಿಂದ ಹೊರಡುವ ಮೊದಲು, ಅಲ್ಲಿ ರಕ್ತ ಸಂಗ್ರಹವಿದ್ದರೆ, ನಿಮ್ಮದೊಂದು ಯೂನಿಟ್ ಕೊಟ್ಟು ಬನ್ನಿ.